ಸೇತುವೆಯಾಚೆಯ ತುತ್ತು

ಹೊತ್ತು ಇಳಿಯುತ್ತಿದೆ ಎಂಬುದು ಬಾಬಿಕರನಿಗೆ ಕಣ್ಣಿಗಿಂತ ಮೊದಲು ನಾಲಗೆಗೆ ಗೊತ್ತಾಯಿತು. ರಮದಾನಿನ ಉಪವಾಸದ ಕೊನೆಯ ಗಂಟೆಯಲ್ಲಿ ನಾಲಗೆ ಬಾಯೊಳಗೆ ಬೇರೆ ಯಾರದೋ ಸಾಮಾನಿನಂತೆ ಬಿದ್ದುಕೊಂಡಿರುತ್ತದೆ. ಬೆಳಗಿನಿಂದ ಅದರಿಂದ ಹೊರಟದ್ದು ಒಂದೇ ಮಾತು, ದಯವಿಟ್ಟು ಸಾರ್. ಹಿಂದಿನ ಚೆಕ್‌ಪೋಸ್ಟಿನಲ್ಲಿ ಒಬ್ಬ ಹವಾಲ್ದಾರ ಮೊದಲ ಲಾರಿಯ ಹಿಟ್ಟಿನ ಮೂಟೆಗಳನ್ನೆಲ್ಲ ಇಳಿಸಿ, ಒಂದೊಂದಕ್ಕೂ ಕಬ್ಬಿಣದ ಸರಳು ಚುಚ್ಚಿ ನೋಡಿ, ಮತ್ತೆ ಏರಿಸಿಕೊಳ್ಳಿ ಅಂದಿದ್ದ. ಡ್ರೈವರುಗಳ ಜೊತೆ ಬಾಬಿಕರನೂ ಹೊತ್ತ. ಎಲ್ಲ ಮುಗಿದ ಮೇಲೆ ಹವಾಲ್ದಾರ ರಮದಾನಿನ ಶುಭಾಶಯ ಹೇಳಿ ನಕ್ಕಾಗ ಇವನೂ ನಕ್ಕ. ಈಗ ಲಾರಿಯ ಕಿಟಕಿಗೆ ತಲೆ ಆನಿಸಿ ಕೂತಿರುವಾಗ ಬೆನ್ನಿನ ನೋವು ಅವನನ್ನು ಅಷ್ಟು ಬಾಧಿಸುತ್ತಿರಲಿಲ್ಲ. ಆ ನಗೆ ಬಾಧಿಸುತ್ತಿತ್ತು. ಎಷ್ಟು ಸಲೀಸಾಗಿ, ಕರೆಯುವ ಮೊದಲೇ ಬಂದು ನಿಂತ ನಗೆ ಅದು! ಇತ್ತೀಚೆಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗಲೂ ಅದು ತನ್ನಷ್ಟಕ್ಕೆ ಬಂದು ಹೋಗುವುದನ್ನು ಅವನು ನೋಡಿದ್ದ.

ಪರಿಹಾರ ಸಂಸ್ಥೆಯೊಂದರಲ್ಲಿ ಅವನ ಹುದ್ದೆಯ ಹೆಸರು ಸಮನ್ವಯಾಧಿಕಾರಿ. ಹೋದ ತಿಂಗಳೆಲ್ಲ ಅವನು ಸಮನ್ವಯಿಸಿದ್ದು ಒಂದು ಹೋಟೆಲಿನ ಎರಡು ಕೋಣೆಗಳನ್ನು. ಒಂದರಲ್ಲಿ ಯುದ್ಧದ ಈ ಕಡೆಯ ಸೈನ್ಯದವರು, ಇನ್ನೊಂದರಲ್ಲಿ ಆ ಕಡೆಯವರು. ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ. ನಡುವಿನ ಕಾರಿಡಾರಿನಲ್ಲಿ ಇವನು. ಒಂದು ಕೋಣೆಯಿಂದ ಹೊತ್ತ ಮಾತನ್ನು, ಬೇಳೆಯಿಂದ ಕಲ್ಲು ಆರಿಸುವಂತೆ ಬೈಗುಳ ಆರಿಸಿ ತೆಗೆದು, ಇನ್ನೊಂದು ಕೋಣೆಗೆ ಬಡಿಸಬೇಕು. ಆರಿಸಿದ ಬೈಗುಳವೆಲ್ಲ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಅದು ತನ್ನ ಹೊಟ್ಟೆಯಲ್ಲಿಯೇ ಕೂತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಕೊನೆಗೆ ಸಿಕ್ಕಿದ್ದು ಒಂದು ದಿನದ ಪರವಾನಗಿ. ಮೂರು ಲಾರಿ, ಎರಡರಲ್ಲಿ ಹಿಟ್ಟು ಮತ್ತು ಬೇಳೆ, ಮೂರನೆಯದರಲ್ಲಿ ಅಬೂ ಸಿದ್ರ ಪಟ್ಟಣದ ಆಸ್ಪತ್ರೆಗೆ ಔಷಧಿ. ದೊಡ್ಡ ಕಾಲುವೆಯ ಸೇತುವೆ ದಾಟಿ, ಆಚೆ ದಡದಲ್ಲಿ ಇಳಿಸಿ, ಬರಿ ಲಾರಿ ಮರಳಬೇಕು. ರಾತ್ರಿಯ ಇಶಾ ನಮಾಜಿನ ಹೊತ್ತಿಗೆ ಸೇತುವೆಯ ಗೇಟು ಬೀಳುತ್ತದೆ. ಗೇಟು ಬಿದ್ದರೆ ಪರವಾನಗಿ ಸತ್ತ ಹಾಗೆ. ಆಮೇಲೆ ಮತ್ತೆ ಅದೇ ಹೋಟೆಲು, ಅದೇ ಕಾರಿಡಾರು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಯಾರು ಉಳಿದಿರುತ್ತಾರೋ. ಬೆಳಿಗ್ಗೆ ಫೋನಿನಲ್ಲಿ ಡಾಕ್ಟರ್ ಇಶ್ರಾಗಾ, ಡಯಾಲಿಸಿಸ್ಸಿನ ದ್ರವ ನಿನ್ನೆಗೇ ಮುಗಿಯಿತು, ರೋಗಿಗಳನ್ನು ಮಾತಾಡಿಸಿಕೊಂಡು ಕೂತಿದ್ದೇನೆ ಎಂದಿದ್ದಳು. ಆ ಹೆಂಗಸನ್ನು ಅವನು ಕಂಡವನೇ ಅಲ್ಲ. ಆದರೆ ಅವಳು ಮಾತಿನ ನಡುವೆ ಉಸಿರು ಎಳೆದುಕೊಳ್ಳುವ ರೀತಿ ಅವನಿಗೆ ತನ್ನ ಹೆಂಡತಿಯ ಉಸಿರಿಗಿಂತ ಹೆಚ್ಚು ಪರಿಚಯವಾಗಿಬಿಟ್ಟಿತ್ತು, ಅದೂ ಒಂದು ತಪ್ಪು ಮಾಡಿದಂತೆ ಅವನನ್ನು ಕುಟುಕುತ್ತಿತ್ತು.

ಡ್ರೈವರ್ ಕರಾರ್ ಇದ್ದಕ್ಕಿದ್ದಂತೆ ಬ್ರೇಕು ಒತ್ತಿದ. ರಸ್ತೆಗೆ ಅಡ್ಡಲಾಗಿ, ಎದೆಯ ಎತ್ತರದಲ್ಲಿ, ಬಿಳಿಯದೇನೋ. ಹತ್ತಿಯ ಹೊಲದ ಮೇಲೆ ಸೂರ್ಯ ಕೆಂಪಗೆ ಕೂತಿದ್ದ, ಧೂಳಿನಲ್ಲಿ ಗಂಡಸರ ಆಕಾರಗಳು. ಬಾಬಿಕರ್ ಕೈಚಾಚಿ ಬಾಗಿಲಿನ ಚಿಲಕ ಹಾಕಿದ. ದರೋಡೆಯೇ ಇರಬೇಕು. ಔಷಧಿ ಯಾವ ಲಾರಿಯಲ್ಲಿದೆ ಎಂದು ಕೇಳುತ್ತಾರೆ, ತಾನು ಎರಡನೆಯದರಲ್ಲಿ ಎಂದು ಸುಳ್ಳು ಹೇಳಬೇಕು, ಅದಕ್ಕೂ ಮೊದಲು ನಗಬಾರದು, ಈ ಸಲ ನಗಲೇಬಾರದು. ಪಕ್ಕದಲ್ಲಿ ಕರಾರ್ ಮಾತ್ರ ಸ್ಟೀರಿಂಗಿಗೆ ಹಣೆ ಆನಿಸಿ ಕುಲುಕುಲು ನಗುತ್ತಿದ್ದ. 'ಮರ್ತೇ ಹೋಗಿತ್ತು ನೋಡಣ್ಣ. ಯುದ್ಧ ಬಂದ್ಮೇಲೆ ಇವರೆಲ್ಲ ಸುಮ್ಮನಾಗಿದಾರೆ ಅಂದ್ಕೊಂಡಿದ್ದೆ.'

ಆ ಬಿಳಿಯದು ಒಂದು ರುಮಾಲು. ಯಾರದೋ ತಲೆಯಿಂದ ಬಿಚ್ಚಿ ರಸ್ತೆಯ ಈ ಬದಿಯಿಂದ ಆ ಬದಿಗೆ ಇಬ್ಬರು ಹಿಡಿದು ನಿಂತಿದ್ದರು. ರಸ್ತೆಯ ಅಂಚಿನಲ್ಲಿ ಈಚಲ ಚಾಪೆಗಳು, ಚಾಪೆಯ ಮೇಲೆ ಬಣ್ಣದ ಮುಚ್ಚಳ ಹಾಕಿದ ತಟ್ಟೆಗಳು. ಇದು ಬಾಬಿಕರನಿಗೆ ಗೊತ್ತಿಲ್ಲದ್ದೇನೂ ಆಗಿರಲಿಲ್ಲ. ಅವನ ಅಪ್ಪ ಪ್ರತಿ ರಮದಾನಿನಲ್ಲಿ, ಇಲ್ಲಿಂದ ಬಹಳ ದೂರವೇನಲ್ಲದ ಇಂಥದೇ ಒಂದು ರಸ್ತೆಯ ಮೇಲೆ, ತನ್ನ ರುಮಾಲು ಬಿಚ್ಚಿ ಅಡ್ಡ ಹಿಡಿದು, ಪ್ರಯಾಣಿಕರ ಉಪವಾಸ ಬಿಡಿಸಲೆಂದು ಬಸ್ಸುಗಳನ್ನು ಹಿಡಿಯುತ್ತಿದ್ದ. ಪಕ್ಕದೂರಿನವರು ತಮಗಿಂತ ಹೆಚ್ಚು ಬಸ್ಸು ಹಿಡಿದರೆಂದರೆ ಅವತ್ತು ಮನೆಯಲ್ಲಿ ಯಾರಿಗೂ ಅವನು ಮುಖ ಕೊಡುತ್ತಿರಲಿಲ್ಲ. ರಾಜಧಾನಿ ಖಾರ್ಟೂಮಿನಲ್ಲಿ ಓದುವಾಗ ಬಾಬಿಕರನೂ ಗೆಳೆಯರೂ ಸಂಜೆಗೆ ಸರಿಯಾಗಿ ಈ ಹಳ್ಳಿಗಳ ಸಾಲಿಗೆ ಬರುವಂಥ ಬಸ್ಸನ್ನೇ ಆರಿಸಿ ಹತ್ತುತ್ತಿದ್ದರು. ಜೋಳದ ಮುದ್ದೆಯ ಬೆಟ್ಟ, ಅದರ ತಲೆಯ ಮೇಲೆ ಸುರಿದ ಸಾರು, ಒಂದೇ ತಟ್ಟೆಗೆ ಹತ್ತು ಕೈ. ಈಗ ಅಪ್ಪನಿಲ್ಲ, ಆ ಊರಿನಲ್ಲಿ ಮನೆಗಳಿಗೆ ಬಾಗಿಲೂ ಇಲ್ಲ, ಲೂಟಿ ಮಾಡಿದವರು ಕಿತ್ತುಕೊಂಡು ಹೋಗಿದ್ದಾರೆ. ಪ್ರಯಾಣದ ಯೋಜನೆ ಬರೆಯುವಾಗ ಅವನು ಗುಂಡಿನ ಸದ್ದು, ಮುರಿದ ಮೋರಿ, ಡೀಸೆಲ್ಲಿನ ಅಭಾವ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದ. ಸೂರ್ಯ ಮುಳುಗುವ ಹೊತ್ತಿಗೆ ಈ ರಸ್ತೆಯಲ್ಲಿ ಹೊರಟವನನ್ನು ಉಣ್ಣಿಸದೆ ಬಿಡುವುದಿಲ್ಲ ಎಂಬುದೊಂದನ್ನು ಮರೆತಿದ್ದ. ಈ ಮಣ್ಣಿನವನಾಗಿ ಮರೆತಿದ್ದ.

ರುಮಾಲಿನ ಯಜಮಾನ ಹಾಜಿ ದಫಲ್ಲಾ ಕಿಟಕಿಯ ಬಳಿ ಬಂದ. ಬೋಳುತಲೆ, ಬಿಳಿ ಗಡ್ಡ, ಕಣ್ಣಿನಲ್ಲಿ ಬೇಟೆ ಸಿಕ್ಕಿದ ಖುಷಿ. ಮೂರು ಲಾರಿ ಒಟ್ಟಿಗೆ ಸಿಕ್ಕಿ ಎಷ್ಟು ಕಾಲವಾಗಿತ್ತೋ. ಬಾಬಿಕರ್ ಕೆಳಗಿಳಿದು ವಿಷಯ ಹೇಳಿದ: ಸೇತುವೆ, ಗೇಟು, ಆಸ್ಪತ್ರೆ, ಹಸಿದವರು. ಮುದುಕ ಎಲ್ಲಕ್ಕೂ ತಲೆಯಾಡಿಸಿ, ದೇವರು ಸುಗಮ ಮಾಡಲಿ, ಎರಡೇ ತುತ್ತು ತಿಂದು ಹೊರಡು ಎಂದ. ಎರಡೇ ತುತ್ತು ಎಂಬುದರ ಅರ್ಥ ಬಾಬಿಕರನಿಗೆ ಗೊತ್ತಿತ್ತು. ಮುದ್ದೆಯ ನಂತರ ಬೇಯಿಸಿದ ಕಾಳು, ಕಾಳಿನ ನಂತರ ನಮಾಜು, ನಮಾಜಿನ ನಂತರ ಚಹಾ, ಚಹಾದ ನಂತರ ಯಾರ ಸಂಬಂಧಿಕರು ಯಾರು ಎಂಬ ವಿಚಾರಣೆ. ಗಂಟಲು ಸರಿಮಾಡಿಕೊಂಡು ಅವನು ಹೇಳಿದ: 'ನಿಯಮದ ಪ್ರಕಾರ ನಾವು ದಾರಿಯಲ್ಲಿ ಯಾರಿಂದಲೂ ಏನನ್ನೂ ಸ್ವೀಕರಿಸುವ ಹಾಗಿಲ್ಲ.'

ರುಮಾಲು ಹಿಡಿದಿದ್ದವರ ಕೈ ಸ್ವಲ್ಪ ಕೆಳಗಾಯಿತು. ಯಾರೂ ಸಿಟ್ಟಾಗಲಿಲ್ಲ, ಸಂಕೋಚಪಟ್ಟರು, ಬೀದಿಯಲ್ಲಿ ಒಬ್ಬನ ಬಟ್ಟೆ ಜಾರಿದ್ದನ್ನು ನೋಡಿದಂತೆ ಮುಖ ತಿರುಗಿಸಿದರು. ದಫಲ್ಲಾ ಕರಾರ್‌ನ ಕಡೆ ನೋಡಿ, ಈತ ಯಾವ ದೇಶದವನು ಎಂದು ಕೇಳಿದ.

'ನಿಮ್ಮ ಸೀಮೆಯವನೇ ಹಾಜಿ,' ಎಂದ ಕರಾರ್. 'ಕೆಲವರಿಗೆ ದೆವ್ವ ಹಿಡಿಯುತ್ತಲ್ಲ, ಹಾಗೆ ಇವರಿಗೆ ಆಫೀಸು ಹಿಡಿದಿದೆ.'

ಎಲ್ಲರೂ ನಕ್ಕರು. ಬಾಬಿಕರನ ಮುಖದಲ್ಲಿ ಆ ಹಾಳು ನಗೆ ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ದಫಲ್ಲಾ ಎದೆಯ ಮೇಲೆ ಕೈಯಿಟ್ಟು ತನ್ನ ಕೊನೆಯ ಅಸ್ತ್ರ ತೆಗೆದ. 'ಹಾಗಾದ್ರೆ ಕೇಳಪ್ಪಾ. ನನ್ನ ಊಟ ಮಾಡ್ದೆ ನೀನು ನನ್ನ ಬಿಟ್ಟು ಹೋದ್ರೆ, ನನ್ನ ಹೆಂಡ್ತಿಗೆ ತಲಾಖ್.'

ಈ ಆಣೆ ಈ ರಸ್ತೆಗೆ ಹೊಸದಲ್ಲ. ಆಣೆ ಬಿದ್ದ ಮೇಲೆ ಯಾರೂ ಹೊರಡುವುದಿಲ್ಲ, ಇನ್ನೊಬ್ಬನ ಸಂಸಾರ ಮುರಿದ ಪಾಪ ಯಾರಿಗೆ ಬೇಕು? ಅತಿಥಿ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂರುತ್ತಾನೆ, ಅಲ್ಲಿಗೆ ಮುಗಿಯಿತು. ಬಾಬಿಕರನಿಗೂ ಇದು ತಿಳಿದದ್ದೇ. ಆದರೆ ಬೆಳಗಿನಿಂದ ದಯವಿಟ್ಟು ಸಾರ್ ಎಂದ ನಾಲಗೆ, ತಿಂಗಳಿನಿಂದ ಬೈಗುಳ ನುಂಗಿದ ಹೊಟ್ಟೆ, ಮುಳುಗುತ್ತಿದ್ದ ಸೂರ್ಯ, ಎಲ್ಲ ಸೇರಿ ಅವನೊಳಗೆ ಏನೋ ಪಟ್ಟನೆ ಕಡಿದುಹೋಯಿತು. ಅಪ್ಪನ ದನಿಯೊಂದು ಅವನ ಬಾಯಿಂದ ಹೊರಟಿತು. 'ಸೇತುವೆ ದಾಟೋ ತನಕ ನಾನು ಒಂದು ತುತ್ತು ಬಾಯಿಗಿಟ್ರೆ, ನನ್ನ ಹೆಂಡ್ತಿಗೂ ತಲಾಖ್.'

ಮಾತು ಬಿದ್ದ ಮರುಕ್ಷಣ ಮಸೀದಿಯಿಂದ ಅಜಾನ್ ಕೇಳಿಸಿತು. ಉಪವಾಸ ಬಿಡುವ ಹೊತ್ತಾಯಿತು, ಆದರೆ ಯಾರೂ ಖರ್ಜೂರಕ್ಕೆ ಕೈ ಹಾಕಲಿಲ್ಲ. ಇಂಥದ್ದನ್ನು ಆ ಊರು ಹಿಂದೆ ಕಂಡಿರಲಿಲ್ಲ. ಒಂದೇ ಬಾಗಿಲಿಗೆ ಎರಡು ಕಡೆಯಿಂದ ಬೀಗ ಜಡಿದಂತಾಗಿತ್ತು. ಒಬ್ಬನ ಹೆಂಡತಿ ಉಳಿಯಬೇಕಾದರೆ ಇನ್ನೊಬ್ಬನ ಹೆಂಡತಿ ಹೋಗಬೇಕು. ಬಾಬಿಕರನಿಗೆ ದೂರದ ಕಸಲಾ ಊರಿನಲ್ಲಿ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಈಗ ಖರ್ಜೂರ ಬಿಡಿಸುತ್ತಿರಬಹುದಾದ ಹೆಂಡತಿ ಅವದಿಯಾಳ ಕೈಬೆರಳುಗಳು ಕಂಡವು. ಅಯ್ಯೋ ಏನು ಮಾಡಿದೆ ಎಂದುಕೊಂಡ. ಆದರೆ ಅದೇ ಹೊತ್ತಿಗೆ, ಅವನಿಗೇ ನಾಚಿಕೆಯಾಗುವಷ್ಟು, ಎದೆಯೊಳಗೆ ಸಂತೋಷ ಉಕ್ಕಿತು. ಎಷ್ಟೋ ದಿನದ ಮೇಲೆ ತನ್ನ ಮಾತನ್ನು ತಾನೇ ಆಡಿದ್ದ. ಅದು ಮೂರ್ಖನ ಮಾತು, ಎರಡು ಸಂಸಾರಕ್ಕೆ ಕುತ್ತು ತರುವ ಮಾತು, ಆದರೂ ಅವನದೇ ಮಾತು. ಅದರಿಂದ ಯಾವ ಕಲ್ಲನ್ನೂ ಅವನು ಆರಿಸಿರಲಿಲ್ಲ.

ಯಾರೋ ನೀರು ತಂದರು. ನೀರು ತುತ್ತಿನ ಲೆಕ್ಕಕ್ಕೆ ಬರುತ್ತದೆಯೇ ಎಂದು ಚರ್ಚೆ ಎದ್ದು, ಬರುವುದಿಲ್ಲ ಎಂದು ಕರಾರ್ ತೀರ್ಪು ಕೊಟ್ಟ. ಬಾಬಿಕರ್ ಕುಡಿದ. ನೀರು ಇಳಿದ ದಾರಿಯುದ್ದಕ್ಕೂ ದೇಹ ಒಂದೊಂದಾಗಿ ದೀಪ ಹಚ್ಚಿಕೊಂಡಿತು. ಊರಿನ ಇಮಾಮರನ್ನು ಕೇಳಿದರೆ, ಇಂಥ ಜೋಡಿ ಆಣೆಗೆ ಉತ್ತರ ಹುಡುಕಲು ಪುಸ್ತಕ ನೋಡಬೇಕು, ವಾರವಾದರೂ ಬೇಕು ಎಂದು ಅವರು ಖರ್ಜೂರದ ಬೀಜ ಉಗುಳಿದರು. ಆಗ ಮಣ್ಣಿನ ಗೋಡೆಯ ಆಚೆ, ಹೆಂಗಸರ ಚಾಪೆಯ ಕಡೆಯಿಂದ, ಹಳದಿ ಸೀರೆಯಂಥ ತೋಬು ಸುತ್ತಿಕೊಂಡ ಒಬ್ಬ ಮುದುಕಿ ಬಂದು ನಿಂತಳು. ಪಣಕ್ಕಿಟ್ಟ ವಸ್ತು ತಾನೇ ನಡೆದು ಬಂದದ್ದು ಕಂಡು ದಫಲ್ಲಾ ಗಡ್ಡ ನೇವರಿಸಿಕೊಂಡು ಬೇರೆಡೆ ನೋಡಿದ. ಅವಳ ಹೆಸರು ಸಿತ್ನಾ.

'ಮದುವೆಯಾದಾಗಿಂದ ರಮದಾನ್ ಬಂತು ಅಂದ್ರೆ ಈ ರಸ್ತೆ ಮೇಲೆ ಹೋಗೋ ಬಸ್ಸಿಗೆಲ್ಲ ನನ್ನನ್ನೇ ಅಡ ಇಡ್ತಾನೆ,' ಎಂದಳು ಅವಳು, ಬಾಬಿಕರನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತ. 'ಇವತ್ತು ಒಬ್ಬ ಗಿರಾಕಿ ಸಿಕ್ಕ. ನಿನ್ನ ಹೆಂಡ್ತಿ ಎಲ್ಲಿದಾಳಪ್ಪಾ?'

'ಕಸಲಾದಲ್ಲಿ, ಅಮ್ಮಾ.'

'ಅವಳಿಗೆ ಗೊತ್ತಾ?'

'ಇಲ್ಲ.'

'ಪಾಪ, ನೆಮ್ಮದಿಯಾಗಿ ಉಪವಾಸ ಬಿಡಲಿ.' ಆಮೇಲೆ ಗಂಡಸರ ಕಡೆ ತಿರುಗಿದಳು. 'ಏನ್ ನೋಡ್ತಾ ನಿಂತಿದೀರಿ? ತಟ್ಟೆಗಳನ್ನ ಲಾರಿಗೆ ಹತ್ತಿಸಿ. ಈ ಮುದುಕನ್ನೂ ಹತ್ತಿಸಿ. ಸೇತುವೆ ಆಚೆ ಉಣ್ಣಿಸಿ ಕರ್ಕೊಂಡ್ ಬನ್ನಿ. ಈತ ಮುದುಕನ್ನ ಬಿಟ್ಟು ಹೋದ ಹಾಗೂ ಆಗಲ್ಲ, ಸೇತುವೆ ದಾಟೋ ಮೊದಲು ತಿಂದ ಹಾಗೂ ಆಗಲ್ಲ.'

ಬಾಬಿಕರ್ ಬಾಯಿ ತೆರೆದ. ಲಾರಿಯಲ್ಲಿ ನಾಗರಿಕರನ್ನು ಕೂರಿಸುವಂತಿಲ್ಲ, ಹೊರಗಿನ ಯಾವುದೇ ಸಾಮಾನು ಏರಿಸುವಂತಿಲ್ಲ, ಪರವಾನಗಿಯಲ್ಲಿ ಹೆಸರಿಲ್ಲದವರು ಸೇತುವೆಯ ಹತ್ತಿರ ಸುಳಿಯುವಂತಿಲ್ಲ. ಈ ಮಾತುಗಳೆಲ್ಲ ಸಾಲುಗಟ್ಟಿ ಬಂದು ಹಲ್ಲಿನ ಹಿಂದೆ ನಿಂತವು. ಆದರೆ ಅಷ್ಟರಲ್ಲಿ ಮೊದಲ ತಟ್ಟೆ ಹಿಟ್ಟಿನ ಮೂಟೆಯ ಮೇಲೆ ಏರಿಯಾಗಿತ್ತು, ಅದರ ಹಿಂದೆ ಕಾಳಿನ ಪಾತ್ರೆ, ಕಂದು ಬಣ್ಣದ ಹುಳಿಸಿಹಿ ಪಾನಕದ ಕೊಡ, ಸುತ್ತಿದ ಚಾಪೆಗಳು. ದಫಲ್ಲಾನೊಬ್ಬನನ್ನೇ ಕಳಿಸಿದರೆ ಊರಿನ ಮಾನ ಏನಾಗಬೇಕು ಎಂದು ಇನ್ನೂ ಏಳೆಂಟು ಮಂದಿ ಹತ್ತಿದರು. ಇಮಾಮರು, ತೀರ್ಪು ಹೇಗಾಗುತ್ತದೋ ನೋಡಬೇಕಲ್ಲ ಎನ್ನುತ್ತ, ಔಷಧಿಯ ಲಾರಿಯಲ್ಲಿ ಡ್ರೈವರನ ಪಕ್ಕದ ಸೀಟನ್ನು ಹಿಡಿದರು. ಲಾರಿಗಳು ಹೊರಟವು. ಹಿಂದಿನಿಂದ ಹೆಂಗಸರು ಮದುವೆಯ ದಿಬ್ಬಣ ಕಳಿಸುವವರಂತೆ ನಾಲಗೆ ಹೊರಳಿಸಿ ಉಲಿ ಹಾಕಿದರು. ಮೇಲೆ, ಮೂಟೆಗಳ ನಡುವೆ, ಸಾರು ಚೆಲ್ಲದಂತೆ ತಟ್ಟೆ ಹಿಡಿದವರು ಪ್ರತಿ ಗುಂಡಿಗೂ ಕರಾರ್‌ನ ವಂಶವನ್ನು ನೆನೆಯುತ್ತಿದ್ದರು. ಬಾಬಿಕರ್ ಕಿಟಕಿಯಿಂದ ತಲೆ ಹೊರಹಾಕಿ ಕೂತ. ಸುಡುವ ಗಾಳಿ, ಸಾರಿನ ವಾಸನೆ, ಒಣಗಿಸಿ ಕುಟ್ಟಿದ ಬೆಂಡೆಕಾಯಿ. ಹೊಟ್ಟೆ ಕೂಗುತ್ತಿತ್ತು. ತಾನು ನಗುತ್ತಿದ್ದೇನೆ ಎಂದು ಅವನಿಗೆ ತಡವಾಗಿ ತಿಳಿಯಿತು, ಯಾವ ಹವಾಲ್ದಾರನೂ ಎದುರಿಗಿಲ್ಲದಿರುವಾಗ.

ಸೇತುವೆಯ ಬಳಿ ಬಂದಾಗ ಆ ನಗೆ ಆರಿತು. ಮರಳಿನ ಚೀಲ, ಬಂದೂಕು, ಪಶ್ಚಿಮದಲ್ಲಿ ಉಳಿದ ಸ್ವಲ್ಪವೇ ಬೆಳಕು. ಕಾವಲಿನ ಲೆಫ್ಟಿನೆಂಟ್ ಹಾರೂನ್ ಟಾರ್ಚು ಹಾಕಿ ಮೂಟೆಗಳ ಮೇಲಿನ ಗಡ್ಡಗಳನ್ನು ಒಂದೊಂದಾಗಿ ನೋಡಿದ. ಪರವಾನಗಿ ಲಾರಿಗೆ, ಮದುವೆ ಮನೆಗಲ್ಲ ಎಂದ. ಊರಿನವರು ಇಳಿದು ಮನೆಗೆ ನಡೆಯಲಿ, ಲಾರಿ ಹೋಗಲಿ. ಬಾಬಿಕರ್ ತಡವರಿಸಿದ. ಊರಿನವರು ಇಳಿದರೆ ಔಷಧಿ ದಾಟುತ್ತದೆ, ಅಷ್ಟೇ ತಾನೇ ಬೇಕಾದದ್ದು? ಒಬ್ಬ ಮುದುಕಿಯ ಸಂಸಾರಕ್ಕಿಂತ ಒಂದು ವಾರ್ಡು ತುಂಬ ರೋಗಿಗಳು ದೊಡ್ಡವರಲ್ಲವೇ? ಸಮನ್ವಯಾಧಿಕಾರಿಗೆ ಉತ್ತರ ಸಿದ್ಧವಾಗಿತ್ತು. ಆದರೆ ದಫಲ್ಲಾ ಆಗಲೇ ತಟ್ಟೆ ಹಿಡಿದು ಕೆಳಗಿಳಿಯತೊಡಗಿದ್ದ. ರೋಗಿಗಳು ಕಾಯುತ್ತಿದ್ದಾರೆ, ನೀನು ಹೊರಡು, ಆಣೆ ನನ್ನದು, ನಾನು ಸಿತ್ನಾಗೆ ಉತ್ತರ ಕೊಡುತ್ತೇನೆ ಎಂದು ಮೆಲ್ಲಗೆ ಹೇಳುತ್ತಿದ್ದ. ಅವನ ಬೋಳುತಲೆ ಟಾರ್ಚಿನ ಬೆಳಕಿನಲ್ಲಿ ತೀರ ಬರಿದಾಗಿ ಕಂಡಿತು. ಬಾಬಿಕರ್ ಅವನ ತೋಳು ಹಿಡಿದ. ಲೆಫ್ಟಿನೆಂಟನ ಎದುರು ನಿಂತು, ದಯವಿಟ್ಟು ಎನ್ನದೆ, ಸಾರ್ ಎನ್ನದೆ, ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ತನ್ನ ಮೂರ್ಖತನವನ್ನೂ ಬಿಡದೆ ಹೇಳಿದ.

ಹಾರೂನ್ ಟಾರ್ಚು ಆರಿಸಿದ. ಅವನ ಸೈನಿಕರು ಒಣ ರೊಟ್ಟಿ ಹಿಡಿದು ಕೂತಲ್ಲಿಂದಲೇ ಕಿವಿ ನಿಮಿರಿಸಿದ್ದರು. 'ಎರಡೂ ಕಡೆ ತಲಾಖಾ?' ಎಂದು ಹಾರೂನ್ ಕೇಳಿದ.

'ಎರಡೂ ಕಡೆ.'

'ನನ್ನ ಗೇಟಲ್ಲಿ ಎರಡು ಮನೆ ಒಡೀತು ಅಂತ ನಮ್ಮಮ್ಮನಿಗೆ ಗೊತ್ತಾದ್ರೆ ನನ್ನನ್ನ ಮನೆ ಒಳಗೆ ಸೇರಿಸಲ್ಲ,' ಎಂದು ಅವನು ವೈರ್‌ಲೆಸ್ ಎತ್ತಿದ. ಆಚೆ ದಡದವರ ಜೊತೆ ಅವನು ಅದರಲ್ಲಿ ಇದುವರೆಗೆ ಆಡಿದ್ದು ಎಚ್ಚರಿಕೆ ಮತ್ತು ಬೈಗುಳ ಮಾತ್ರ ಇರಬೇಕು. ಈಗ ತಲಾಖ್ ಎಂಬ ಮಾತನ್ನು ಹೇಗೆ ಎತ್ತಬೇಕೆಂದು ತಿಳಿಯದೆ ಎರಡು ಸಲ ಕೆಮ್ಮಿದ. ಅವನು ಹೇಳಿ ಮುಗಿಸಿದ ಮೇಲೆ ಬರಿ ಗೊರಗೊರ ಸದ್ದು. ಆಮೇಲೆ ಆಚೆಯ ದನಿ ಗಂಭೀರವಾಗಿ ಕೇಳಿತು: ನಮ್ಮ ಕಮಾಂಡರು ಕೇಳ್ತಿದಾರೆ, ಸಾರು ಏನು?

'ಒಣ ಬೆಂಡೆ,' ಎಂದ ಬಾಬಿಕರ್.

'ಒಣ ಬೆಂಡೆ,' ಎಂದ ಹಾರೂನ್ ವೈರ್‌ಲೆಸ್ಸಿಗೆ.

ಇನ್ನೊಂದಷ್ಟು ಗೊರಗೊರ. ಬರಲಿ, ಆದರೆ ತಟ್ಟೆಗಳನ್ನು ಮುಚ್ಚಿಕೊಂಡು ಬರಲಿ, ಸೇತುವೆಯ ಮೇಲೆ ಧೂಳು ಜಾಸ್ತಿ, ಎಂದಿತು ಆಚೆಯ ದನಿ. ಬಾಬಿಕರ್ ಒಂದು ತಟ್ಟೆ, ಒಂದು ಚಾಪೆ ಹಾರೂನನ ಸೈನಿಕರಿಗೆಂದು ಇಳಿಸಲು ಹೇಳಿದ. ಹಾಗೆ ಹೇಳುವ ಅಧಿಕಾರ ತನಗಿಲ್ಲ, ಅದು ದಫಲ್ಲಾನ ಊಟ ಎಂಬುದು ಇಳಿಸಿದ ಮೇಲೆ ನೆನಪಾಯಿತು. ಮುದುಕ ಅವನ ಬೆನ್ನು ತಟ್ಟಿ, ಆಫೀಸು ಇಳೀತಾ ಇದೆ ಎಂದ.

ಯುದ್ಧ ನಿಲ್ಲಲಿಲ್ಲ. ದೂರದಲ್ಲಿ ಉತ್ತರದ ಕಡೆ ಎರಡು ಸಲ ಗುಡುಗಿದ್ದು ಮೋಡವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಲಾರಿಗಳು ಆಮೆಯಂತೆ ಸೇತುವೆ ದಾಟಿದವು. ಕೆಳಗೆ ಕಾಲುವೆಯ ನೀರು ಕಪ್ಪಗೆ ನಿಂತಿತ್ತು. ಕೊನೆಯ ಕಂಬ ದಾಟಿದಾಗ, ಇಷ್ಟಕ್ಕೆ ದಾಟಿದ ಹಾಗಾಯಿತೇ ಅಥವಾ ಹಿಂದಿನ ಚಕ್ರವೂ ದಾಟಬೇಕೇ ಎಂದು ಇಮಾಮರು ಕಿಟಕಿಯಿಂದ ಇಣುಕಿ ನೋಡಿ ಖಚಿತ ಮಾಡಿಕೊಂಡರು. ಆಚೆ ದಡದಲ್ಲಿ ಕತ್ತೆಗಾಡಿಗಳು, ಕೈಗಾಡಿಗಳು, ಆಸ್ಪತ್ರೆಯ ಒಂದು ಸ್ಟ್ರೆಚರು ಕೂಡ. ಪಟ್ಟಣದ ಜನ ಸದ್ದಿಲ್ಲದೆ ನಿಂತಿದ್ದರು, ಹಸಿವಿನಿಂದ ಕೆನ್ನೆ ಒಳಸೇರಿದ ಮುಖಗಳು. ಅವರ ನಡುವಿನಿಂದ ಕುಳ್ಳಗಿನ ಒಬ್ಬ ಹೆಂಗಸು ಓಡಿ ಬಂದು, ಯಾರ ಕೈಯನ್ನೂ ಹಿಡಿಯದೆ ಮೂರನೆಯ ಲಾರಿಯ ಮೇಲೆ ಹತ್ತಿದಳು. ಡಬ್ಬಗಳ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಒಂದು ಡಬ್ಬದ ಮೇಲೆ ಕೂತು ಬಿಕ್ಕಿಬಿಕ್ಕಿ ನಕ್ಕಳು. ಫೋನಿನಲ್ಲಿ ಮಾತಿನ ನಡುವೆ ಎಳೆದುಕೊಳ್ಳುತ್ತಿದ್ದ ಆ ಉಸಿರಿನಿಂದ ಬಾಬಿಕರ್ ಅವಳನ್ನು ಗುರುತು ಹಿಡಿದ. ಇಶ್ರಾಗಾ ಅವನ ಹೆಸರು ಕೇಳಲಿಲ್ಲ. ನೀವು ಫೋನಿನಲ್ಲಿ ಎತ್ತರದವರಾಗಿ ಕೇಳಿಸುತ್ತಿದ್ದಿರಿ ಎಂದಷ್ಟೇ ಹೇಳಿ ಸ್ಟ್ರೆಚರಿಗೆ ಡಬ್ಬ ಇಳಿಸತೊಡಗಿದಳು.

ಡಬ್ಬಗಳೆಲ್ಲ ಹೋದವು. ಮೂಟೆಗಳು ಇಳಿಯುತ್ತಿದ್ದಾಗಲೇ ದಫಲ್ಲಾ ಮಣ್ಣಿನ ಮೇಲೆ ಚಾಪೆ ಹಾಸಿಬಿಟ್ಟಿದ್ದ. ಗೇಟಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಅವನು ದಾರಿಹೋಕರನ್ನು ಹಿಡಿಯುವಂತೆ ಮೂಟೆ ಹೊರುವವರನ್ನೂ ಗಾಡಿಯವರನ್ನೂ ರಟ್ಟೆ ಹಿಡಿದು ಕೂರಿಸುತ್ತಿದ್ದ. ಅವರು ಹಸಿದವರಂತೆ ಮುಗಿಬೀಳಲಿಲ್ಲ. ಬೇಡ, ಆಗಲೇ ಆಯಿತು, ಬಾಯಿ ತೊಳೆದದ್ದಾಯಿತು ಎಂದು ನೆಂಟರಂತೆ ಮರ್ಯಾದೆ ಮಾಡಿ, ಎರಡು ಸಲ ಕರೆಸಿಕೊಂಡು, ಆಮೇಲೆ ಕೂತರು. ಅದನ್ನು ನೋಡಿ ಬಾಬಿಕರನಿಗೆ ಕಣ್ಣು ತುಂಬಿತು. ಇವರನ್ನು ತಾನು ತಿಂಗಳುಗಟ್ಟಲೆ ಫಲಾನುಭವಿಗಳು ಎಂದು ಕರೆದಿದ್ದೆನಲ್ಲ! ಆ ಕಡೆಯ ಸೈನಿಕರಿಬ್ಬರು ಬಂದೂಕು ಹೆಗಲಲ್ಲಿಟ್ಟುಕೊಂಡೇ ಬಗ್ಗಿ ಕೈ ಹಾಕಿದರು. ಬಾಬಿಕರ್ ಅವರ ನಡುವೆ ಮೊಣಕಾಲೂರಿದ. ಮುದ್ದೆ ಇನ್ನೂ ಬೆಚ್ಚಗಿತ್ತು. ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟ. ಸಂತೋಷಕ್ಕೋ, ಅಪ್ಪನ ನೆನಪಿಗೋ, ತುತ್ತು ಬಾಯಲ್ಲಿಯೇ ನಿಂತಿತು. ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ಹಾಕುತ್ತ ಅವನು ಎಲ್ಲರನ್ನೂ ನೋಡಿದ. ಇಮಾಮರು ಅವನ ಕುತ್ತಿಗೆಯನ್ನೇ ದಿಟ್ಟಿಸುತ್ತಿದ್ದರು. ದಫಲ್ಲಾ ಹತ್ತಿರ ಸರಿದು ಅವನ ಬೆನ್ನ ಮೇಲೆ ಕೈಯಿಟ್ಟ.

'ನುಂಗು ಮಗಾ,' ಎಂದ ಮುದುಕ. 'ನನ್ನ ಸಂಸಾರ ನಿನ್ನ ಗಂಟಲಲ್ಲಿ ಸಿಕ್ಕೊಂಡಿದೆ.'

ಬಾಬಿಕರ್ ನುಂಗಿದ.